ಕಾಫಿ ಬಣ್ಣದ ತಲೆ

ಗುಂಡ್ಲುಪೇಟೆಯಲ್ಲಿ ನಮ್ಮ ನೆರೆಮನೆಯ ಸೈಟ್ ದಲ್ಲಾಳಿಗೆ ಕನ್ನಡಿ ಕಂಡರೆ ಕೈ ತಾನಾಗಿಯೇ ಕ್ರಾಪಿಗೆ ಹೋಗುತ್ತಿತ್ತು. ‘ನಾಕು ಜನ ನೋಡೋ ತಲೆ ಕಣ್ಲಾ’ ಎನ್ನುತ್ತಿದ್ದ.

ಒಂದು ದಿನ ಸಲೂನಿನಲ್ಲಿ ನನ್ನ ಪಕ್ಕ ಕೂತು ಕೂದಲಿಗೆ ಹೊಸ ಬಣ್ಣ ಆರಿಸುತ್ತಿದ್ದಾಗ, ಭೀಮನಬೀಡಿನಿಂದ ಅವನ ಅಕ್ಕನ ಫೋನ್ ಬಂತು. ‘ಅವ್ವ ನಿನ್ನೇ ಕೇಳ್ತಾವ್ಳೆ, ಇನ್ನು ಉಳಿಯಾಕಿಲ್ಲ, ಬ್ಯಾಗ ಬಾರಪ್ಪ’ ಎಂದದ್ದು ನನಗೂ ಕೇಳಿಸಿತು.

‘ಹೊಂಟೆ ಕಣಕ್ಕ’ ಎಂದು ಫೋನಿಟ್ಟವನು, ಜೇನು ಬಣ್ಣವೋ ಕಾಫಿ ಬಣ್ಣವೋ ಎಂದು ಇನ್ನಷ್ಟು ಹೊತ್ತು ಯೋಚಿಸಿ, ಕಾಫಿ ಬಣ್ಣ ಹಚ್ಚಿಸಿಕೊಂಡೇ ಎದ್ದ. ಅವನು ಊರು ಮುಟ್ಟುವಷ್ಟರಲ್ಲಿ ಅವ್ವ ತೀರಿಕೊಂಡಿದ್ದಳು.

ಮಣ್ಣು ಮುಗಿಸಿ ಬಂದು ನಾವೆಲ್ಲ ತಲೆಗೆ ನೀರು ಸುರಿದುಕೊಂಡೆವು. ಅವನು ಕತ್ತಿನವರೆಗೆ ಮಾತ್ರ ನೆನೆದ. ಅಕ್ಕ ಚೊಂಬು ಚಾಚಿದಾಗ, ‘ಎಲ್ಡು ದಿನ ತಲೆಗೆ ನೀರು ತಾಕಿಸ್ಬ್ಯಾಡ ಅಂದವ್ರೆ ಕಣಕ್ಕ’ ಎಂದ.

ಅವಳು ಗಾಬರಿಯಾದಳು. ‘ಏನಾಯ್ತಪ್ಪ ನಿಂಗೆ? ಯಾವ ಡಾಕ್ಟ್ರು ಅಂದ್ರು?’