ಗೀರು ಬರೆದು ಕಾರು ಕಳಿಸುವ ಗೀರಪ್ಪ

ಬೆಳಗಿನ ಐದೂ ಮುಕ್ಕಾಲು. ಬೀದಿ ದೀಪ ಇನ್ನೂ ಆರಿಲ್ಲ. ಗೇಟಿನೊಳಗೆ ಕಡು ಹಸಿರು ಬಣ್ಣದ, ಐವತ್ತೆಂಟು ವರ್ಷದ ಹಳೆಯ ಕಾರೊಂದು ನಿಂತಿದೆ. ಪಕ್ಕದಲ್ಲಿ ಹಾಸಿದ ಗೋಣಿಚೀಲದ ಮೇಲೆ ಎರಡು ಕಾಲುಗಳು ಮಾತ್ರ ಕಾಣುತ್ತಿವೆ. ಉಳಿದ ದೇಹ ಕಾರಿನ ಅಡಿಯಲ್ಲಿದೆ. ಆ ಕಾಲುಗಳ ಒಡೆಯರ ಬಗ್ಗೆ ಬರೆಯಲೆಂದು ನಾನು ಬಂದಿದ್ದೇನೆ. ಹತ್ತು ನಿಮಿಷದಿಂದ ಕಾಲುಗಳ ಜೊತೆಗೇ ಮಾತಾಡುತ್ತಿದ್ದೇನೆ.

“ಬಾನೆಟ್ ಮುಟ್ಟಿ ನೋಡಿ ಸಾರ್” ಎನ್ನುತ್ತದೆ ಕೆಳಗಿನ ದನಿ. ಮುಟ್ಟುತ್ತೇನೆ. ತಣ್ಣಗಿದೆ. “ಹಾಗಾದ್ರೆ ಪರವಾಗಿಲ್ಲ. ಎಷ್ಟೋ ಜನ ನಾನು ಬರೋಕೆ ಮುಂಚೆನೇ ಇಂಜಿನ್ ಬಿಸಿ ಮಾಡಿ ಇಟ್ಟಿರ್ತಾರೆ. ಬಿಸಿ ಇದ್ರೆ ಎಂಥ ಮುದಿ ಇಂಜಿನ್ನೂ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತೆ. ಅದಕ್ಕೇ ನಾನು ಕೋಳಿ ಕೂಗೋ ಹೊತ್ತಿಗೆ ಬಂದುಬಿಡ್ತೀನಿ.”

ಹೊರಗೆ ಬಂದವರು ಐವತ್ತಮೂರರ ತೆಳ್ಳನೆಯ ಮನುಷ್ಯ. ಕಿವಿಯ ಹಿಂದೆ ಪೆನ್ಸಿಲ್, ಅಂಗಿ ಜೇಬಿನಲ್ಲಿ ಟಾರ್ಚು, ಕೈಯಲ್ಲಿ ಮೃದುವಾದ ಬಟ್ಟೆ ಸುತ್ತಿದ ಪುಟ್ಟ ಅಯಸ್ಕಾಂತ. ಇವರ ನಿಜವಾದ ಹೆಸರು ಸಾಗಣೆ ಕಂಪನಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಕಂಪನಿಯ ಡ್ರೈವರುಗಳಿಗೆಲ್ಲ ಇವರು ಗೀರಪ್ಪ. ಕಾರಿನ ಮೈಮೇಲೆ ಇರುವ ಒಂದೊಂದು ಗೀರನ್ನೂ ಹುಡುಕಿ ಬರೆಯುವುದೇ ಕೆಲಸವಾದ್ದರಿಂದ ಈ ಹೆಸರು ಅಂಟಿಕೊಂಡಿದೆ. ಮನೆಯಲ್ಲಿ ಮಗಳು ಕೂಡ ಮುನಿಸು ಬಂದಾಗ ಹೀಗೇ ಕರೆಯುತ್ತಾಳಂತೆ.

ಕೆಲಸ ಇಷ್ಟು. ಎಲ್ಲೋ ದೂರದ ಊರಿನವರು ಇಲ್ಲಿಯ ಹಳೆ ಕಾರೊಂದನ್ನು ಫೋಟೊ ನೋಡಿ ಮೆಚ್ಚಿ ಕೊಳ್ಳುತ್ತಾರೆ. ದೂರದ ಬೆಟ್ಟ ನುಣ್ಣಗೆ, ಫೋಟೊದ ಕಾರು ಇನ್ನೂ ನುಣ್ಣಗೆ. ಅದನ್ನು ಲಾರಿಗೆ ಹತ್ತಿಸುವ ಮುನ್ನ ಗೀರಪ್ಪ ಬಂದು ಅದರ ಮೈಯೆಲ್ಲ ತಡವಿ, ಇರುವ ದೋಷಗಳನ್ನೆಲ್ಲ ಪಟ್ಟಿ ಮಾಡುತ್ತಾರೆ. ಮಾರಿದವರು, ಕೊಂಡವರು ಇಬ್ಬರೂ ಒಪ್ಪಿ, ಲಾರಿಯ ಡ್ರೈವರ್ ಸಹಿ ಹಾಕಿದ ಮೇಲೆಯೇ ಕಾರು ಮೇಲೆ ಹತ್ತುವುದು. ಈ ನಿಯಮ ತಂದವರು ಗೀರಪ್ಪನವರೇ. ತಿಂಗಳಿಗೆ ಏಳೆಂಟು ಕಾರು, ಇಪ್ಪತ್ತಾರು ವರ್ಷ, ನಲವತ್ತೊಂದು ನೋಟ್‌ಬುಕ್ಕು. ಇಷ್ಟೆಲ್ಲ ಬರೆದಿದ್ದರೂ ಕಾರಿನ ಲೋಕದ ಯಾವ ಪತ್ರಿಕೆಯೂ ಇವರ ಬಗ್ಗೆ ಒಂದು ಸಾಲು ಬರೆದಿಲ್ಲ. ಕಾರು ತಲುಪಿದ ದಿನ ಎಲ್ಲರೂ ಕಾರಿನ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ.

ಇಂದಿನ ಕಾರು ಒಬ್ಬ ನಿವೃತ್ತ ದಂತವೈದ್ಯೆಯದು. ಮೂವತ್ತೊಂದು ವರ್ಷ ಇದರಲ್ಲೇ ಕ್ಲಿನಿಕ್ಕಿಗೆ ಹೋಗಿ ಬಂದವರು. ಈಗ ಮನೆ ಬಿಟ್ಟುಕೊಟ್ಟು ತಂಗಿಯ ಮೂರನೇ ಮಹಡಿಯ ಫ್ಲ್ಯಾಟಿಗೆ ಹೋಗುತ್ತಿದ್ದಾರೆ. ಅಲ್ಲಿ ಸೈಕಲ್ ನಿಲ್ಲಿಸಲೂ ಜಾಗವಿಲ್ಲ. ಇಬ್ಬರು ಬಂದು ಕಾರು ನೋಡಿ, ಯೋಚಿಸಿ ಹೇಳುತ್ತೇವೆ ಎಂದು ಹೋದವರು ಇನ್ನೂ ಯೋಚಿಸುತ್ತಲೇ ಇದ್ದಾರೆ. ಮೂರನೆಯವರು ಸಾವಿರದ ಆರುನೂರು ಕಿಲೋಮೀಟರ್ ಆಚೆ ಬೇಕರಿ ನಡೆಸುವ ಕನ್ನಡದ ಹೆಂಗಸು. ಕಾರನ್ನು ಕಣ್ಣಾರೆ ನೋಡದೆ ಒಪ್ಪಿದ್ದಾರೆ. ಅವರೂ ಬೇಡವೆಂದರೆ ಉಳಿಯುವುದು ಗುಜರಿಯವನು. ಅವನು ವಾರಕ್ಕೊಮ್ಮೆ ಗೇಟಿನ ಹತ್ತಿರ ನಿಂತು ತೂಕ ಅಂದಾಜು ಮಾಡಿ ಹೋಗುತ್ತಾನೆ.

ಗೀರಪ್ಪ ಅಯಸ್ಕಾಂತವನ್ನು ಚಾಲಕನ ಬಾಗಿಲಿನ ಕೆಳ ಅಂಚಿಗೆ ಹಿಡಿಯುತ್ತಾರೆ. ಅಂಟಿಕೊಳ್ಳುತ್ತದೆ. ಒಂದು ಗೇಣು ಸರಿಸುತ್ತಾರೆ. ಅಂಟಿಕೊಳ್ಳುತ್ತದೆ. ಇನ್ನೊಂದು ಗೇಣು ಸರಿಸಿದಾಗ ಅಯಸ್ಕಾಂತ ಜಾರಿ ಅವರ ಅಂಗೈಗೆ ಬೀಳುತ್ತದೆ. ಅಲ್ಲಿ ಕಬ್ಬಿಣವಿಲ್ಲ, ಪುಟ್ಟಿ ಮೆತ್ತಿ ಬಣ್ಣ ಹೊಡೆದಿದೆ ಎಂದು ಅರ್ಥ. ಟಾರ್ಚು ಹಿಡಿದು ನಾನೂ ಬಗ್ಗಿ ನೋಡುತ್ತೇನೆ. ನನ್ನ ಕಣ್ಣಿಗೆ ಏನೇನೂ ಕಾಣುವುದಿಲ್ಲ.

ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ನಿಂತಿದ್ದ ಡಾಕ್ಟರಮ್ಮ, ಯಾರೂ ಏನೂ ಕೇಳದಿದ್ದರೂ, “ಅಲ್ಲೇನಿಲ್ಲ, ಅಲ್ಲೇನಿಲ್ಲ” ಎನ್ನುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಗೀರಪ್ಪ ನಗುವುದಿಲ್ಲ. ಬೆರಳಿನಿಂದ ಆ ಜಾಗವನ್ನು ಸವರುತ್ತಾರೆ.

“ಡಾಕ್ಟ್ರಮ್ಮ, ಇದನ್ನ ಯಾವ ಗ್ಯಾರೇಜಲ್ಲಿ ಮಾಡಿಸಿದ್ರಿ? ಇಷ್ಟು ನೀಟಾಗಿ ನಮ್ ಕಡೆ ಯಾರೂ ಮಾಡಲ್ಲ.”

ಡಾಕ್ಟರಮ್ಮ ಲೋಟ ಕೆಳಗಿಡುತ್ತಾರೆ. “ನಾನೇ ಮಾಡಿದ್ದು. ಕ್ಲಿನಿಕ್ ಮುಚ್ಚಿದ ಮೇಲೆ ಕೈ ಸುಮ್ನಿರ್ಲಿಲ್ಲ. ತುಕ್ಕೆಲ್ಲ ಕೆರೆದು ತೆಗೆದು, ಹಲ್ಲಿಗೆ ತುಂಬಿದ ಹಾಗೇ ತುಂಬಿದೆ. ನಾಲ್ಕು ಕಡೆ ಇದೆ.” ಆಮೇಲೆ ದನಿ ತಗ್ಗಿಸುತ್ತಾರೆ. “ಅದನ್ನ ಬರೀಬೇಡಿ ಅಪ್ಪಾ. ಓದಿದ್ರೆ ಆಯಮ್ಮ ಬೇಡ ಅಂತಾರೆ. ಆಮೇಲೆ ಈ ಕಾರನ್ನ ಆ ಗುಜರಿಯವನು ಕೊಯ್ಯೋದನ್ನ ನಾನು ನೋಡ್ಬೇಕಾಗುತ್ತೆ. ನನ್ ಕೈಲಾಗಲ್ಲ.”

ಗೀರಪ್ಪ ಕಿವಿಯ ಹಿಂದಿನ ಪೆನ್ಸಿಲ್ ತೆಗೆಯುತ್ತಾರೆ, ಬರೆಯುತ್ತಾರೆ. ಪಟ್ಟಿಯ ನಲವತ್ತೊಂದನೇ ಸಾಲು: ಬಲ ಬಾಗಿಲ ಕೆಳಗೆ ನಾಲ್ಕು ಕಡೆ ತುಕ್ಕು ತಿಂದಿದೆ, ಪುಟ್ಟಿ ತುಂಬಿದೆ. ಸ್ವಲ್ಪ ಯೋಚಿಸಿ ಅದೇ ಸಾಲಿಗೆ ಸೇರಿಸುತ್ತಾರೆ: ತುಂಬಿದವರ ಕೈ ಒಳ್ಳೆಯದು. ಇನ್ನೂ ಎರಡು ಸಣ್ಣ ಗೀರು ಬರೆದು ಒಟ್ಟು ನಲವತ್ಮೂರಕ್ಕೆ ಪಟ್ಟಿ ಮುಗಿಸಿ, ಫೋನಿನಲ್ಲಿ ಅದರ ಫೋಟೊ ತೆಗೆದು ಬೇಕರಿಯವರಿಗೆ ಕಳಿಸಿಬಿಡುತ್ತಾರೆ. ಡಾಕ್ಟರಮ್ಮ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾರೆ. ನನಗೆ ಆ ಕ್ಷಣ ಈ ಮನುಷ್ಯನ ಮೇಲೆ ಸಿಟ್ಟೇ ಬರುತ್ತದೆ. ನಾಲ್ಕು ಗುಲಗಂಜಿಯಷ್ಟು ಜಾಗಕ್ಕೆ ಒಬ್ಬ ಹೆಂಗಸಿನ ಮುಖ ಇಷ್ಟು ಬಾಡಬೇಕೆ ಎಂದು ಕೇಳಿಯೂ ಬಿಡುತ್ತೇನೆ.

ಗೀರಪ್ಪ ಕಾಂಪೌಂಡಿನ ಕಟ್ಟೆಯ ಮೇಲೆ ಕೂರುತ್ತಾರೆ. “ಒಂದ್ಸಲ ಬರೀದೆ ಬಿಟ್ಟಿದ್ದೆ ಸಾರ್” ಎನ್ನುತ್ತಾರೆ.

ಅದು ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಒಂದು ಕಾರಿನ ಮುಂದಿನ ಗಾಜಿನ ಮೂಲೆಯಲ್ಲಿ, ವೈಪರಿನ ಅಡಿಯಲ್ಲಿ, ಅಕ್ಕಿ ಕಾಳಿನಷ್ಟು ಸೀಳಿತ್ತು. ಮಾರುವವರು, “ಇಷ್ಟಕ್ಕೆಲ್ಲ ಬರೀತೀರಾ?” ಎಂದು ನಕ್ಕರು. ಇವರು ದಾಕ್ಷಿಣ್ಯಕ್ಕೆ ಬಿದ್ದರು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎನ್ನುತ್ತಾರಲ್ಲ, ಹಾಗೇ ಆಯಿತು. ಎರಡನೇ ದಿನ ಲಾರಿ ಬೆಟ್ಟದ ದಾರಿ ಹತ್ತುವಾಗ, ಚಳಿಗೆ ಆ ಸೀಳು ಗಾಜಿನ ಈ ತುದಿಯಿಂದ ಆ ತುದಿಗೆ ಓಡಿತು. ಅಂಥ ಬಾಗಿದ ಗಾಜು ಈಗ ಯಾರೂ ಮಾಡುವುದಿಲ್ಲ. ಕೊಂಡವರು ಪಟ್ಟಿ ತೆಗೆದು ನೋಡಿದರು. ಪಟ್ಟಿಯಲ್ಲಿ ಸೀಳಿಲ್ಲ. ಹಾಗಾದರೆ ಒಡೆದವನು ಡ್ರೈವರ್ ಎಂದು ತೀರ್ಮಾನವಾಯಿತು.

“ಅವನು ನಾನಲ್ಲ ಅಂತ ಎಷ್ಟು ಬಡ್ಕೊಂಡ. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡ್ಲಿಲ್ಲ. ಮಗಳು ಹುಟ್ಟಿ ಎರಡು ತಿಂಗಳಾಗಿತ್ತು, ಕೆಲಸ ಹೋದ್ರೆ ಅನ್ನೋ ಭಯ. ಅವನಿಗೂ ಮಕ್ಕಳಿದ್ರು ಅಂತ ಆಗ ನೆನಪಾಗ್ಲಿಲ್ಲ ನೋಡಿ. ಅವನನ್ನ ಮನೆಗೆ ಕಳಿಸಿದ್ರು.”

ಎಂಟು ತಿಂಗಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ ಮೇಲೆ ಒಂದು ದಿನ ಮಾಲೀಕರ ಮುಂದೆ ಎಲ್ಲವನ್ನೂ ಹೇಳಿದರು. ಮಾಲೀಕರು ಇವರ ಪೆನ್ಸಿಲ್ ಕಿತ್ತುಕೊಂಡು ಆರು ತಿಂಗಳು ಲಾರಿ ತೊಳೆಯಲು ಹಾಕಿದರು. ನೀರಿನ ಟ್ಯಾಂಕರ್ ಓಡಿಸಿಕೊಂಡಿದ್ದ ಡ್ರೈವರನ್ನು ವಾಪಸು ಕರೆಸಿದರು. ಬಂದವನು ಒಂದು ವರ್ಷ ಇವರ ಕಡೆ ತಿರುಗಿಯೂ ನೋಡಲಿಲ್ಲ. ಇದನ್ನು ಹೇಳುವಾಗ ಗೀರಪ್ಪ ಅಯಸ್ಕಾಂತಕ್ಕೆ ಸುತ್ತಿದ ಬಟ್ಟೆಯನ್ನು ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ.

ಆ ಡ್ರೈವರ್ ಇವತ್ತು ಇಲ್ಲೇ ಇದ್ದಾರೆ. ಎಲ್ಲರೂ ‘ಮೀಸೆ’ ಎಂದು ಕರೆಯುವ ಅರವತ್ತರ ಹತ್ತಿರದ ಆಳು. ನಾಲ್ಕು ಕಡೆಯೂ ಮುಚ್ಚಿದ ಲಾರಿಯನ್ನು ಗೇಟಿಗೆ ಹಿಮ್ಮುಖವಾಗಿ ನಿಲ್ಲಿಸಿ, ಹಲಗೆಗಳನ್ನು ಇಳಿಸುತ್ತಿದ್ದಾರೆ. ಗೀರಪ್ಪನನ್ನು ಕ್ಷಮಿಸಿದಿರಾ ಎಂದು ಕೇಳಿದರೆ ಮೀಸೆಯ ಅಡಿಯಲ್ಲೇ ನಗುತ್ತಾರೆ. “ಕ್ಷಮಿಸೋದು ಗಿಮಿಸೋದು ಎಲ್ಲ ದೊಡ್ಡೋರ ಮಾತು. ಇವನ ಪಟ್ಟಿ ಜೇಬಲ್ಲಿದ್ರೆ ದಾರೀಲಿ ನನಗೆ ನೆಮ್ಮದಿ. ಐದು ದಿನದ ದಾರಿ ಸಾರ್. ಎರಡು ಗಂಟೆಗೊಂದು ಸಲ ನಿಲ್ಸಿ ಕಾರು ಕಟ್ಟಿದ ಬೆಲ್ಟ್ ಮುಟ್ಟಿ ನೋಡ್ತೀನಿ. ಆದ್ರೆ ಹೊಸ ಗೀರು ಬಿತ್ತಾ ಅಂತ ಹೆದರ್ಕೊಂಡು ನೋಡಲ್ಲ.”

ಹಳೆ ಕಾರು ಕಟ್ಟುವುದರಲ್ಲೂ ಇವರಿಬ್ಬರಿಗೆ ಒಂದು ಕ್ರಮವಿದೆ. ಬೆಲ್ಟನ್ನು ಚಕ್ರಗಳ ಮೇಲೆ ಹಾಯಿಸಿ ಲಾರಿಯ ನೆಲಕ್ಕೆ ಬಿಗಿಯುತ್ತಾರೆ. ಮೈಗೆ ಹಾಕಿ ಎಳೆದರೆ ಐದು ದಿನ ಕುಲುಕಿ ಹಳೇ ಸ್ಪ್ರಿಂಗುಗಳು ಕೂತುಬಿಡುತ್ತವೆ. “ಮೈ ಕುಣೀಲಿ, ಕಾಲು ಕುಣೀಬಾರ್ದು” ಎಂಬುದು ಗೀರಪ್ಪನವರ ಸೂತ್ರ. ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಹಾಗೇ ಹಿಡಿದುಕೊಂಡು ಕೂತರೆ ಬಿಡಿಸಲು ದೇವರೇ ಬರಬೇಕು. ಚಕ್ರಕ್ಕೆ ಮರದ ತುಂಡು ಅಡ್ಡ ಕೊಟ್ಟರೆ ಸಾಕು. ಕಾರಿಗೆ ಬಟ್ಟೆ ಹೊದಿಸುವುದಿಲ್ಲ, ತಲುಪಿದ ಮೇಲೆ ಧೂಳು ಒರೆಸುವುದೂ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಗೀರಪ್ಪ, ಕೊಂಡವರಿಗೆ ಖುಷಿಯಾಗಲಿ ಎಂದು ಒಣ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ, ಬಾಗಿಲ ತುಂಬ ಸಾವಿರ ಸಣ್ಣ ಗೆರೆ ಎಳೆದಿಟ್ಟಿದ್ದರಂತೆ.

ಗೀರಪ್ಪನವರ ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುತ್ತಾರೆ, ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಹಿಂದಿನ ದಿನ ಅವರ ಎರಡು ಕೋಣೆಯ ಮನೆಗೆ ಹೋಗಿದ್ದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದಿನಿಂದ ಏಳದೆಯೇ ಹೇಳಿದ್ದರು: “ಹೊಸ ಪಾತ್ರೆ ತಂದ್ರೂ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡ್ತಾರೆ. ನನ್ನ ಅಡುಗೆಗೆ ಮಾತ್ರ ಇನ್ನೂ ಪಟ್ಟಿ ಬರೆದಿಲ್ಲ. ಜೀವದ ಮೇಲೆ ಆಸೆ ಇದೆ.”

ಆರೂವರೆಗೆ ಫೋನು ಬಡಿದುಕೊಳ್ಳುತ್ತದೆ. ಬೇಕರಿಯವರು ಮೂರು ಗಂಟೆಗೇ ಎದ್ದಿರುವವರು. ಗೀರಪ್ಪ ಎಲ್ಲರಿಗೂ ಕೇಳುವಂತೆ ಫೋನನ್ನು ಕಾರಿನ ಪಕ್ಕದ ಕಟ್ಟೆಯ ಮೇಲಿಡುತ್ತಾರೆ. ಡಾಕ್ಟರಮ್ಮ ಒಳಗಿನಿಂದ ಬಂದು ಬಾಗಿಲಲ್ಲೇ ನಿಲ್ಲುತ್ತಾರೆ.

“ನಲವತ್ಮೂರೂ ಓದಿದೆ” ಎನ್ನುತ್ತದೆ ಆ ಕಡೆಯ ದನಿ. ಹಿಂದಿನಿಂದ ತಟ್ಟೆಗಳ ಸದ್ದು ಕೇಳುತ್ತಿದೆ. “ಫೋಟೊದಲ್ಲಿ ಒಂದೂ ಕಾಣಿಸ್ಲಿಲ್ಲವಲ್ಲಾ. ನೀವೇ ಹೇಳಿ, ನೀವಾಗಿದ್ರೆ ತಗೋತಿದ್ರಾ?”

“ನಾನು ಕೊಳ್ಳೋನಲ್ಲ ಮೇಡಂ, ಕಳಿಸೋನು. ತಣ್ಣಗಿದ್ದಾಗ ಎರಡನೇ ಸಲಕ್ಕೆ ಸ್ಟಾರ್ಟ್ ಆಯ್ತು. ಹೊಗೆ ಇಲ್ಲ. ನಲವತ್ತೊಂದನೇದು ಒಂದೇ ಸ್ವಲ್ಪ ಗಟ್ಟಿ ದೋಷ.”

“ಇಷ್ಟೇನಾ? ಇನ್ನೇನೂ ಇಲ್ವಾ?”

“ನನಗೆ ಕಂಡಿದ್ದು ಇಷ್ಟೇ.”

ಆ ಕಡೆ ತಟ್ಟೆಗಳ ಸದ್ದು ಮುಂದುವರಿಯುತ್ತದೆ. ಮೀಸೆ ಹಲಗೆಯ ಮೇಲೆ ಕಾಲಿಟ್ಟವರು ಹಾಗೇ ನಿಂತಿದ್ದಾರೆ. ಡಾಕ್ಟರಮ್ಮ ನನ್ನನ್ನು ದಾಟಿ ಬಂದು ಫೋನು ಎತ್ತಿಕೊಳ್ಳುತ್ತಾರೆ. ಮಾರಾಟ ಉಳಿಸಿಕೊಳ್ಳುವ ಕೊನೆಯ ಪ್ರಯತ್ನವಿರಬೇಕು, ಪುಟ್ಟಿಯ ವಿಷಯದಲ್ಲಿ ತಿಪ್ಪೆ ಸಾರಿಸುತ್ತಾರೆ ಎಂದುಕೊಳ್ಳುತ್ತೇನೆ. ನನ್ನ ಎಣಿಕೆ ತಪ್ಪು.

“ಇನ್ನೊಂದಿದೆ” ಎನ್ನುತ್ತಾರೆ ಅವರು. “ಇವರಿಗೆ ಸಿಕ್ಕಿಲ್ಲ, ಸಿಗೋದೂ ಇಲ್ಲ. ಇಳಿಜಾರಲ್ಲಿ ಎರಡನೇ ಗೇರು ತಾನಾಗೇ ಹೊರಗೆ ಬಂದ್ಬಿಡುತ್ತೆ. ಹನ್ನೆರಡು ವರ್ಷದಿಂದ ಹಾಗೇ. ಕೈಲಿ ಹಿಡ್ಕೊಂಡಿರ್ಬೇಕು. ನಾನು ಹಿಡ್ಕೊಂಡೇ ಓಡಿಸ್ತಿದ್ದೆ. ಮುಚ್ಚಿಡೋಣ ಅಂತಿದ್ದೆ. ನೀವು ಗೊತ್ತಿಲ್ದೆ ಇಳಿಜಾರಿಗೆ ಹೋದ್ರೆ ಅಂತ ಈಗ ಭಯ ಆಯ್ತು.”

ಬೇಕರಿಯ ತಟ್ಟೆಗಳ ಸದ್ದು ನಿಲ್ಲುತ್ತದೆ. ಯಾರಿಗೋ ಅಲ್ಲಿ ‘ಸ್ವಲ್ಪ ಸುಮ್ನಿರಿ’ ಎಂದಿರಬೇಕು.

“ಹಿಡ್ಕೊಳ್ಳೋದು ಹೇಗೆ ಅಂತ ಹೇಳ್ಕೊಡಿ ಅಕ್ಕಾ” ಎನ್ನುತ್ತದೆ ದನಿ. “ನಮ್ಮ ಮನೆ ಇರೋದೇ ಇಳಿಜಾರಲ್ಲಿ.”

ಡಾಕ್ಟರಮ್ಮ ಕಾರಿನೊಳಗೆ ಹೋಗಿ ಕೂರುತ್ತಾರೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಗೇರಿನ ಮೇಲೆ. ಅಂಗೈಯ ಬುಡ ಎಲ್ಲಿರಬೇಕು, ಹೆಬ್ಬೆರಳು ಯಾವ ಕಡೆ, ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂದು ಹೇಳುತ್ತಲೇ ಇದ್ದಾರೆ. ಮಧ್ಯೆ ಅಳುತ್ತಾರೆ, ಮೂಗು ಒರೆಸಿಕೊಂಡು ಮತ್ತೆ ಹೇಳುತ್ತಾರೆ. ಇಪ್ಪತ್ತು ನಿಮಿಷ ಯಾರೂ ಅವರನ್ನು ಅವಸರಪಡಿಸುವುದಿಲ್ಲ. ಗೀರಪ್ಪ ಆ ಹೊತ್ತಿಗೆ ಪಟ್ಟಿಯ ಕೊನೆಗೆ ನಲವತ್ನಾಲ್ಕು ಎಂದು ಬರೆದು, ಪಕ್ಕದಲ್ಲಿ ‘ಮಾರಿದವರೇ ಹೇಳಿದ್ದು’ ಎಂದು ಸೇರಿಸುತ್ತಾರೆ. ಮೀಸೆ ಸಹಿ ಹಾಕಿ, ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಳಿಸುತ್ತಾರೆ.

ಎಂಟು ಗಂಟೆಗೆ ಲಾರಿ ತಿರುವಿನಲ್ಲಿ ಮರೆಯಾಗುತ್ತದೆ. ಡಾಕ್ಟರಮ್ಮ ಖಾಲಿ ಜಾಗದಲ್ಲಿ ಬಿದ್ದ ಎಣ್ಣೆಯ ಕಲೆಯನ್ನು ನೋಡುತ್ತಾ, “ಇದನ್ನೂ ಬರ್ಕೊಂಡ್ರಾ?” ಎಂದು ಕೇಳುತ್ತಾರೆ. “ಹದಿನೇಳನೇದು” ಎನ್ನುತ್ತಾರೆ ಗೀರಪ್ಪ. ಇಬ್ಬರೂ ನಗುತ್ತಾರೆ.

ಬಸ್ ನಿಲ್ದಾಣದ ಕಡೆ ನಡೆಯುವಾಗ, ಆ ಗೇರಿನ ದೋಷ ನಿಮಗೆ ಹೇಗೆ ತಪ್ಪಿಹೋಯಿತು ಎಂದು ಕೆಣಕುತ್ತೇನೆ. ಅವರು ನಿಂತು ನನ್ನನ್ನು ನೋಡುತ್ತಾರೆ.

“ನನಗೆಲ್ಲಿಂದ ಗೊತ್ತಾಗ್ಬೇಕು ಸಾರ್? ಗೇಟಿಂದ ಲಾರಿಗೆ ಹತ್ತಿಸೋದು, ಲಾರಿಯಿಂದ ಗೇಟಿಗೆ ಇಳಿಸೋದು. ಇಪ್ಪತ್ತಾರು ವರ್ಷದಲ್ಲಿ ಎರಡು ಸಾವಿರ ಕಾರು ಓಡಿಸಿದ್ದೀನಿ, ಎಲ್ಲಾ ಫಸ್ಟ್ ಗೇರಲ್ಲೇ. ಮೂವತ್ತು ಅಡಿ ದಾಟಿಲ್ಲ.” ನಾಲ್ಕು ಹೆಜ್ಜೆ ನಡೆದು ಮತ್ತೆ ಹೇಳುತ್ತಾರೆ. “ಒಂದೇ ಒಂದು ಸಲ ಇಂಥ ಕಾರಲ್ಲಿ ಮೂರನೇ ಗೇರ್ ಹಾಕ್ಬೇಕು ಅಂತಿದೆ. ರಸ್ತೆ ಖಾಲಿ ಇರ್ಬೇಕು. ಪಕ್ಕದಲ್ಲಿ ಹೆಂಡತಿ ಕೂತಿರ್ಬೇಕು. ಅವತ್ತೊಂದು ದಿನ ನಾನು ಏನೂ ಬರಿಯಲ್ಲ.”