ಬಾಯಿಗಿಡದ ನೀರು

ಆ ವರ್ಷ ನಾನು ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಫೇಲಾಗಿದ್ದೆ. ಚಾಮರಾಜನಗರದಲ್ಲಿ ಅಪ್ಪನ ಮುಖ ನೋಡಿಕೊಂಡಿರುವುದಕ್ಕಿಂತ ಗುಂಡ್ಲುಪೇಟೆಯ ಚಿಕ್ಕಪ್ಪನ ಮಂಡಿಯಲ್ಲಿ ಅರಿಸಿನದ ಧೂಳು ಕುಡಿಯುವುದು ಲೇಸೆಂದು ಬಸ್ಸು ಹತ್ತಿದೆ. ನನಗೆ ಬರುತ್ತಿದ್ದ ವಿದ್ಯೆ ಒಂದೇ, ಅಣಕ. ಗಿರಾಕಿ ಮೆಟ್ಟಿಲಿಳಿದ ಮೇಲೆ ಚಿಕ್ಕಪ್ಪ ಬೈಯುವುದು, ಕಂಡಕ್ಟರು ಮೂಗಿನಲ್ಲಿ ‘ತೆರಕಣಾಂಬಿ’ ಎಂದು ಕೂಗುವುದು, ಫೇಲಾದ ಹುಡುಗ ಅಪ್ಪನೆದುರು ನಿಲ್ಲುವುದು, ಎಲ್ಲ ಮಾಡಿ ತೋರಿಸುತ್ತಿದ್ದೆ. ಕೊನೆಯದಕ್ಕೆ ಅಭ್ಯಾಸ ಬೇಕಿರಲಿಲ್ಲ.

ಚಿಕ್ಕಪ್ಪನ ಮನೆಯಲ್ಲಿ ಒಂದು ಸಮುದ್ರದ ಮೀನಿತ್ತು. ದಿನಾ ಲಿಂಗಪೂಜೆ ನಡೆಯುವ, ಮೊಟ್ಟೆಯ ಹೆಸರನ್ನೂ ಎತ್ತದ ಮನೆ ಅದು. ಅಜ್ಜಿಗೆ ಸಾಯುವುದರೊಳಗೆ ಸಮುದ್ರ ನೋಡಬೇಕೆಂಬ ಆಸೆ. ಬರುವ ವರ್ಷ, ಬರುವ ವರ್ಷ ಎಂದು ಚಿಕ್ಕಪ್ಪ ಮುಂದೂಡುತ್ತಿದ್ದಾಗಲೇ ಅವಳ ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ಕತ್ತಲೆಯಷ್ಟೇ ತಿಳಿಯುವಂತಾಯಿತು. ಅದು ಅವನನ್ನು ಕೊರೆಯುತ್ತಿತ್ತೋ ಏನೋ. ನಮ್ಮ ಅರಿಸಿನವನ್ನು ಕಲ್ಲಿಕೋಟೆಗೆ ಒಯ್ಯುವ ಮಲೆಯಾಳಿ ಲಾರಿ ಡ್ರೈವರಿಗೆ ಹೇಳಿ ನಾಲ್ಕು ಡಬ್ಬ ಕಡಲ ನೀರು, ಹೆಬ್ಬೆರಳುದ್ದದ ಒಂದು ಪಟ್ಟೆಮೀನು ತರಿಸಿದ. ಬಡಗಿಯಿಂದ ಗಾಜಿನ ಪೆಟ್ಟಿಗೆ ಮಾಡಿಸಿ, ಅಂಚಿಗೆ ಡಾಂಬರು ಮೆತ್ತಿಸಿ ಪಡಸಾಲೆಯಲ್ಲಿಟ್ಟ. ಅಜ್ಜಿ ಮೊದಲು ಎರಡು ದಿನ ಮಾತು ಬಿಟ್ಟಳಂತೆ. ಮೂರನೆಯ ದಿನ ಒಂದೇ ಮಾತು ಹೇಳಿದಳಂತೆ:

“ತಂದಿದ್ದು ತಂದ್ಬುಟ್ಟೆ. ಇನ್ನು ಅದು ಈ ಮನೇಲಿ ಸಾಯ್ಬಾರ್ದು ಕಣ್ಲಾ.”

ನಾನು ಅಲ್ಲಿಗೆ ಹೋದ ಮೇಲೆ ಆ ಮೀನಿನ ಚಾಕರಿ ನನಗೆ ಬಂತು. ಡ್ರೈವರು ಹೇಳಿಕೊಟ್ಟಂತೆ ಬೆಳಿಗ್ಗೆ ಸಂಜೆ ಚೊಂಬಿನಲ್ಲಿ ನೀರು ಮೊಗೆದು ಮೇಲಿನಿಂದ ಹೊಯ್ಯಬೇಕು, ಗಾಳಿ ಬೆರೆಯಲಿ ಎಂದು. ಹಿತ್ತಿಲ ತೊಟ್ಟಿಯ ಹುಳುಗಳನ್ನು ಹಿಡಿದು ಹಾಕಬೇಕು. ಇದನ್ನು ಮಾತ್ರ ಅಜ್ಜಿಗೆ ಹೇಳುವಂತಿರಲಿಲ್ಲ. ಪೂಜೆ ಮುಗಿಸಿ ಬಂದು ಅವಳು ಪೆಟ್ಟಿಗೆಯ ಪಕ್ಕ ಕೂತು, ನನ್ನನ್ನು ಎದುರಿಗೆ ಕೂರಿಸಿಕೊಂಡು, ಎರಡೂ ಕೆನ್ನೆಗೆ ಅಂಗೈ ಇಡುತ್ತಿದ್ದಳು. “ಎಂಗದೆ, ತೋರ್ಸು.” ನಾನು ಮೀನಾಗುತ್ತಿದ್ದೆ. ತುಟಿ ಮುಂದೆ ಮಾಡಿ, ಕೆನ್ನೆ ಉಬ್ಬಿಸಿ ಇಳಿಸಿ, ಕತ್ತು ಸರಕ್ಕನೆ ತಿರುಗಿಸಿ. ಅವಳು ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದಳು. ಅವಳು ಕಂಡ ಸಮುದ್ರ ಅಷ್ಟೇ.

ಬೇಸಗೆ ಬಂತು. ಪೆಟ್ಟಿಗೆಯ ನೀರು ದಿನಕ್ಕೊಂದು ಬೆರಳು ಇಳಿಯತೊಡಗಿತು. ಲಾರಿ ರಿಪೇರಿಗೆ ನಿಂತು ಡ್ರೈವರು ತಿಂಗಳಿಂದ ಬಂದಿರಲಿಲ್ಲ. ಸಮುದ್ರದ ನೀರೆಂದರೆ ಉಪ್ಪು ನೀರು ತಾನೇ? ಬಾವಿಯ ನೀರಿಗೆ ಕಲ್ಲುಪ್ಪು ಕರಗಿಸಿ, ಇಳಿದಷ್ಟನ್ನು ತುಂಬಿಸುತ್ತಾ ಬಂದೆ. ನಮ್ಮ ಮನೆಗಳಲ್ಲಿ ಉಪ್ಪಿಗೆ ತಕ್ಕಡಿಯಿಲ್ಲ, ನಾಲಿಗೆಯೇ ತಕ್ಕಡಿ. ಸಾರಾಗಲಿ ಉಪ್ಪಿನಕಾಯಿಯಾಗಲಿ, ಅಂಗೈಗೆ ಒಂದು ಹನಿ ಹಾಕಿ ನೆಕ್ಕಿ ನೋಡುವುದು ರೂಢಿ. ಆದರೆ ಮೀನಿದ್ದ ನೀರನ್ನು ಬಾಯಿಗಿಡುವವರು ಯಾರು? ಅದನ್ನು ಮುಟ್ಟಿದ ಕೈಯನ್ನೇ ಮೂರು ಸಲ ತೊಳೆಯುತ್ತಿದ್ದೆವು.

ಒಂದು ಬೆಳಿಗ್ಗೆ ನಾನು ಎಂದಿನಂತೆ ಮೀನಾಗಿ ತೋರಿಸುತ್ತಿದ್ದೆ. ಚಿಕ್ಕಪ್ಪ ನಗುತ್ತಿದ್ದ. ಅಜ್ಜಿಯ ಅಂಗೈ ನನ್ನ ಕೆನ್ನೆಯ ಮೇಲೆ ಬಿಗಿಯಾಯಿತು.

“ಯಾಕ್ಲಾ ಇಷ್ಟು ಬಿರ್ಬಿರ್ನೆ ಬಾಯ್ ಬುಡ್ತೀಯೆ? ಕತ್ತೂ ಒಂದ್ಕಡೀಕ್ ವಾಲದೆ.”

“ಮೀನು ಅಂಗೇ ಮಾಡ್ತದೆ ಕಣಜ್ಜಿ.”

“ಯಾವತ್ತಿಂದ?”

ನಾನು ಗಾಜಿನ ಕಡೆ ತಿರುಗಿದೆ. ಮೀನು ಓರೆಯಾಗಿ, ಮೇಲ್ನೀರಿಗೆ ಬಾಯಿಟ್ಟು ಉಸಿರಿಗೆ ತಿಣುಕುತ್ತಿತ್ತು. ಪಟ್ಟೆಗಳು ಮಾಸಿದ್ದವು. ನಾಲ್ಕೈದು ದಿನಗಳಿಂದ ನಾನು ಅದನ್ನು ಚಾಚೂ ತಪ್ಪದೆ ಅಣಕಿಸಿ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದೆ. ಕಣ್ಣಿದ್ದ ನಮಗ್ಯಾರಿಗೂ ಅದು ಕಾಯಿಲೆಯೆಂದು ಹೊಳೆದಿರಲಿಲ್ಲ.

ಅಜ್ಜಿ ಪೂಜೆಯ ವಿಭೂತಿ ತರಿಸಿ ಒಂದು ಚಿಟಿಕೆ ನೀರಿಗೆ ಉದುರಿಸಿದಳು. ನಾನು ನನ್ನ ಬುದ್ಧಿಗೆ ತೋಚಿದ್ದನ್ನು ಮಾಡಿದೆ; ಕಡಲು ನೆನಪಾಗಿ ಸೊರಗಿದೆಯೆಂದು ಇನ್ನೊಂದು ಹಿಡಿ ಉಪ್ಪು ಹಾಕಿದೆ.

ಮಾರನೆಯ ಮಧ್ಯಾಹ್ನ ಲಾರಿ ಬಂತು. ಡ್ರೈವರು ಪೆಟ್ಟಿಗೆಯನ್ನು ಒಂದು ಗಳಿಗೆ ನೋಡಿದ. ಆಮೇಲೆ ಬೆರಳದ್ದಿ ಬಾಯಿಗಿಟ್ಟುಕೊಂಡ. ಚಿಕ್ಕಮ್ಮ ಮುಖ ತಿರುಗಿಸಿದಳು. ಅವನು ಹೊರಗೆ ಹೋಗಿ ಉಗಿದು ಬಂದು, ಮಗನೆಂದು ಕರೆದು ಮೆಲ್ಲಗೆ ಹೇಳಿದ:

“ಮೋನೇ, ಬಿಸಿಲಿಗೆ ನೀರು ಹೋಯ್ತು. ಉಪ್ಪು ಎಲ್ಲಿಗೆ ಹೋಯ್ತು? ಅದು ಇಲ್ಲೇ ಕೂತಿದೆ. ಅದರ ಮೇಲೆ ನೀನು ದಿನಾ ಉಪ್ಪು ಹಾಕಿದ್ದೀಯ.”

ಒಮ್ಮೆಲೇ ಬೇಡ, ಗಳಿಗೆಗೊಂದು ಚೊಂಬು ಉಪ್ಪುನೀರು ತೆಗೆದು ಅಷ್ಟೇ ಸಿಹಿನೀರು ಹಾಕು ಎಂದ. ಮುಂದಿನ ಸಲ ಕಡಲ ನೀರು ತರುತ್ತೇನೆ ಎಂದು ಹೇಳಿ ಕೇರಳದ ಕಡೆಯ ಮದ್ದೂರು ಕಾಡಿನ ದಾರಿ ಹಿಡಿದ. ಸಂಜೆಯವರೆಗೂ ನಾನು ಹಾಗೆಯೇ ಮಾಡಿದೆ. ಅಜ್ಜಿ ಪಕ್ಕದಿಂದ ಏಳಲಿಲ್ಲ.

ಬೆಳಿಗ್ಗೆ ಅದು ಮೇಲೆ ತೇಲುತ್ತಿತ್ತು. ಅಜ್ಜಿ ಇನ್ನೂ ಪೂಜೆಯಲ್ಲಿದ್ದಳು. ಚಿಕ್ಕಪ್ಪ ಮೀನನ್ನು ಬಾಳೆಲೆಯಲ್ಲಿ ಎತ್ತಿ ಹಿತ್ತಿಲಿಗೆ ಒಯ್ಯುತ್ತಾ, ಅವಳಿಗೆ ಹೇಳಬೇಡ, ನೀನಿದ್ದೀಯಲ್ಲ, ದಿನಾ ತೋರಿಸಿದಂತೆ ತೋರಿಸು ಎಂದ. ನಾನೂ ಒಪ್ಪಿದೆ. ನನ್ನ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗದು ಅಂದುಕೊಂಡೆ.

ಅಜ್ಜಿ ಬಂದು ಕೂತು ಕೆನ್ನೆಗೆ ಕೈಯಿಟ್ಟಳು. ನಾನು ಮೀನಾದೆ. ಗುಣವಾದ ಮೀನು, ಕತ್ತು ನೆಟ್ಟಗೆ, ಉಸಿರು ನಿಧಾನ. ಅವಳು ಬಹಳ ಹೊತ್ತು ಕೈ ತೆಗೆಯಲಿಲ್ಲ.

“ಇದು ನೀನು ಕಣ್ಲಾ,” ಎಂದಳು. “ಮೀನೆಲ್ಲಿ?”

ನಾನು ಹೇಳಿದೆ. ಅವಳು ಬೈಯಲಿಲ್ಲ. ಹಿತ್ತಿಲಿಗೆ ಕೈಹಿಡಿದು ಕರೆದೊಯ್ಯಲು ಹೇಳಿದಳು. ನಮ್ಮಲ್ಲಿ ಸತ್ತವರಿಗೆ ಮಾಡುವಂತೆ ಆ ಗುಂಡಿಗೂ ವಿಭೂತಿ ಹಾಕಿ ಮಣ್ಣೆಳೆದಳು.

ಹದಿನೈದು ದಿನ ಕಳೆದು ಡ್ರೈವರು ಎರಡು ಡಬ್ಬ ಕಡಲ ನೀರು ತಂದ. ಮೀನಿಲ್ಲವೆಂದು ತಿಳಿದು ಡಬ್ಬಗಳನ್ನು ಜಗಲಿಯ ಮೇಲೆ ಇಟ್ಟ. ಅಜ್ಜಿ ಬಾಗಿಲಿಗೆ ಬಂದು ನನ್ನೆದುರು ಅಂಗೈ ಚಾಚಿದಳು. ಮೀನಿನ ನೀರು ಕಣಜ್ಜಿ ಎಂದೆ. ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆಯಲಿಲ್ಲ. ನಾಲ್ಕು ಹನಿ ಹಾಕಿದೆ. ಅವಳು ಅದನ್ನು ನಾಲಿಗೆಗೆ ಮುಟ್ಟಿಸಿಕೊಂಡು ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡಳು.

“ಇಷ್ಟೇ ಏನ್ಲಾ ಉಪ್ಪು?”