ನೀಲಿ ಫ್ರಾಕ್ ಹಾಕಿದ್ದರೆ ಸಿಕ್ಕಿಬೀಳುತ್ತಿದ್ದಳು

ಸ್ನೇಹಿತರೇ, ಇವತ್ತು ಮುಳಬಾಗಿಲಿನ ನನ್ನ ಟೈಲರ್ ಅಂಗಡಿಗೆ ತಾಯಿ, ಮಗಳು ಬಂದಿದ್ದರು. ಶಾಲೆಯ ನಾಟಕದಲ್ಲಿ ಮಗಳು ಹಳೆಯ ಮಕ್ಕಳ ಕಥೆಯೊಂದರ ನಾಯಕಿ. ಆ ಕಥೆ ಸಿನಿಮಾನೂ ಆಗಿದೆ.

"ಸಿನಿಮಾದಲ್ಲಿರೋ ಹಂಗೇ ನೀಲಿ ಫ್ರಾಕ್ ಹೊಲೀರಿ ಅಕ್ಕಾ. ನೋಡೋರಿಗೆ ಗುರುತು ಸಿಗಬೇಕು," ಎಂದರು ತಾಯಿ.

ಮಗಳು ಒಪ್ಪಲಿಲ್ಲ. "ಪುಸ್ತಕದಲ್ಲಿ ಹಳದಿ ಕಣಮ್ಮಾ. ಕಳ್ಳರು ಅಟ್ಟಿಸ್ಕೊಂಡು ಬಂದಾಗ ಅವಳು ಸೂರ್ಯಕಾಂತಿ ಹೊಲದಲ್ಲಿ ಬಚ್ಚಿಟ್ಕೊಳ್ತಾಳೆ. ನೀಲಿ ಹಾಕ್ಕೊಂಡ್ರೆ ಸಿಕ್ಕಿಬೀಳ್ತಾಳೆ."

ತಾಯಿ ನನ್ನ ಮುಖ ನೋಡಿದರು. "ಹಳದೀನೇ ಹೊಲೀರಿ," ಎಂದರು.

ಆ ಸಿನಿಮಾವನ್ನು ನಾನು ಎರಡು ಸಲ ನೋಡಿದ್ದೇನೆ. ನೀಲಿ ಫ್ರಾಕಿನ ನೆರಿಗೆಗಳನ್ನೂ ಎಣಿಸಿದ್ದೇನೆ. ಸೂರ್ಯಕಾಂತಿ ಹೊಲದಲ್ಲಿ ಅವಳು ಕಳ್ಳರ ಕಣ್ಣಿಗೆ ಹೇಗೆ ಬೀಳಲಿಲ್ಲ ಎಂದು ಮಾತ್ರ ಒಮ್ಮೆಯೂ ಕೇಳಿಕೊಂಡಿರಲಿಲ್ಲ.